ಏರಿಯ ಹಿಂದುಮುಂದಿನ ಹಸಿರು: ಶ್ರೀಲಂಕಾದ ಒಣವಲಯದ ಕೆರೆ ಸರಣಿಗಳ ಜೀರ್ಣೋದ್ಧಾರ ಕುರಿತು

ಶ್ರೀಲಂಕಾದ ಸುಮಾರು ಮೂರರಲ್ಲಿ ಎರಡು ಭಾಗ ಒಣವಲಯ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 1750 ಮಿಲಿಮೀಟರಿಗಿಂತ ಕಡಿಮೆ. ನಮ್ಮ ಬಯಲುಸೀಮೆಯವರಿಗೆ ಇದೇ ಹೇರಳ ಎನಿಸಬಹುದು. ಆದರೆ ಅದರ ಹೆಚ್ಚಿನ ಪಾಲು ಈಶಾನ್ಯ ಮಾರುತದ ಕೆಲವೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಮುಂದಿನ ಬಿಸಿಲಿಗೆ ಹಳ್ಳಗಳು ಬತ್ತುತ್ತವೆ. ಅನುರಾಧಪುರದ ಸುತ್ತಿನ ಹಳ್ಳಿಗರು ಇದಕ್ಕೆ ಕಂಡುಕೊಂಡ ಉಪಾಯ 'ಎಲ್ಲಂಗಾವ', ಅಂದರೆ ಕೆರೆಗಳ ಸರಣಿ. ಒಂದು ಕಿರುಕಣಿವೆಯ ಮೇಲಿನ ಕೆರೆಯ ಕೋಡಿನೀರೂ ಅದರ ಗದ್ದೆಗಳ ಬಸಿನೀರೂ ಕೆಳಗಿನ ಕೆರೆ ಸೇರುತ್ತವೆ. ಭೂಗೋಳಶಾಸ್ತ್ರಜ್ಞ ಮದ್ದುಮ ಬಂಡಾರ ಅವರು 1985ರಲ್ಲಿ ಈ ಸರಣಿಯನ್ನು ಒಂದೇ ಘಟಕವೆಂದು ವಿವರಿಸಿದರು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಹನ್ನೆರಡನೆಯ ಶತಮಾನದ ದೊರೆ ಪರಾಕ್ರಮಬಾಹು ಕಟ್ಟಿಸಿದ ಸಮುದ್ರದಂಥ ಜಲಾಶಯ ಇತಿಹಾಸಕಾರರ ಕಣ್ಣು ಸೆಳೆದಷ್ಟು ಈ ಊರಕೆರೆಗಳು ಸೆಳೆಯಲಿಲ್ಲ. ಜೀರ್ಣೋದ್ಧಾರದ ಹಣವೂ ಬಹುಕಾಲ ಏರಿ, ತೂಬು, ಕೋಡಿಗಳಿಗೇ ಹೋಯಿತು. ಕೆರೆಯನ್ನು ಶತಮಾನಗಳ ಕಾಲ ಬಾಳಿಸಿದ್ದು ಅದರ ಹಿಂದುಮುಂದಿನ ಹಸಿರು ಕೂಡ ಎಂಬುದು ಈ ಲೇಖನದ ವಾದ.

ನೀರು ಕೆರೆಗೆ ಬರುವ ಕಡೆ 'ಗಸ್‌ಗೊಮ್ಮನ' ಎಂಬ ಮರಗಳ ಪಟ್ಟಿ ಇರುತ್ತದೆ. ಹೊಳೆಮತ್ತಿ, ಹಿಪ್ಪೆಯಂಥ ಮರಗಳು ಗಾಳಿ ತಡೆದು, ನೀರು ಆವಿಯಾಗುವುದನ್ನು ತಗ್ಗಿಸುತ್ತವೆ. ಅದಕ್ಕೆ ಸೇರಿದ ಹುಲ್ಲುಪಟ್ಟಿ 'ಪೆರಹನ' ಹರಿದುಬರುವ ಗೋಡನ್ನು ಸೋಸುತ್ತದೆ. ಏರಿಗೂ ಗದ್ದೆಗೂ ನಡುವೆ ಇರುವುದು 'ಕಟ್ಟಕಡುವ'. ಮೇಲುನೋಟಕ್ಕೆ ಇದು ಪಾಳುಬಿದ್ದ ಪೊದೆಗಾಡು. ಏರಿಯಡಿಯಿಂದ ಜಿನುಗುವ ನೀರು ಇಲ್ಲಿನ ಗುಂಡಿಯಲ್ಲಿ ನಿಲ್ಲುತ್ತದೆ. ಕೇದಗೆಯ ಜಾತಿಯ ಗಿಡಗಳೂ ಜೊಂಡೂ ಬೆಳೆದ ಜೌಗು ಅದರ ಉಪ್ಪಿನಂಶವನ್ನು ಹಿಡಿದಿಡುತ್ತದೆ. ಚಾಪೆಗೆ ಗರಿಯೂ ಮನೆಮದ್ದಿಗೆ ಬೇರುಸೊಪ್ಪೂ ಇಲ್ಲಿಂದಲೇ. ಈ ಪಟ್ಟಿಯನ್ನು ಕಡಿದು ಗದ್ದೆ ಮಾಡಿದರೆ ಉಪ್ಪು ನೇರವಾಗಿ ಪೈರಿನ ಬುಡಕ್ಕೆ ಇಳಿಯುತ್ತದೆ. ಒತ್ತುವರಿದಾರನಿಗೆ ಒಂದೆರಡು ಮಡಿ ಹೆಚ್ಚಬಹುದು, ಕೆಳಗಿನ ಬಯಲು ಮಾತ್ರ ಜವುಳಾಗುತ್ತದೆ.

ಇವೆಲ್ಲ ಊರಿನ ಕಟ್ಟುಪಾಡಿನ ಕಾವಲಿನಲ್ಲಿದ್ದವು. 1832ರಲ್ಲಿ ಬ್ರಿಟಿಷ್ ಸರ್ಕಾರ ರಾಜಕಾರಿಯ ಎಂಬ ಕಡ್ಡಾಯ ಸೇವೆಯನ್ನು ರದ್ದುಪಡಿಸಿತು. ಬಿಟ್ಟಿ ದುಡಿಮೆ ಹೋದದ್ದು ನ್ಯಾಯವೇ. ಆದರೆ ಕೆರೆಯ ದುರಸ್ತಿಗೆ ಊರು ಕೂಡುತ್ತಿದ್ದ ಏರ್ಪಾಟಿಗೆ ಬದಲಿ ಏರ್ಪಾಟನ್ನು ಕೂಡಲೇ ಮಾಡಲಿಲ್ಲ. ಬರಗಾಲದ 'ಬೆತ್ಮ' ಪದ್ಧತಿ ಹೆಚ್ಚು ಗಟ್ಟಿಯಾಗಿತ್ತು: ನೀರು ಕಡಿಮೆಯಾದ ವರ್ಷ ಕೆರೆಗೆ ಹತ್ತಿರದ ಗದ್ದೆಗಳನ್ನಷ್ಟೇ ಉತ್ತು, ಅವನ್ನು ಎಲ್ಲ ಹಿಡುವಳಿದಾರರಿಗೂ ಅವರವರ ಪಾಲಿನಂತೆ ಆ ಬೆಳೆಯ ಮಟ್ಟಿಗೆ ಹಂಚುತ್ತಿದ್ದರು. ಒಡೆತನಕ್ಕಿಂತ ನೀರಿನ ಅಳತೆ ದೊಡ್ಡದೆಂದು ಒಪ್ಪಿದ ಸಮಾಜವೇ ಹೀಗೆ ನಡೆಯಬಲ್ಲದು. ಈ ಪದ್ಧತಿಗೆ ಯೋಜನಾ ವರದಿಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಲ್ಲಬೇಕು.

ಒಂದೇ ಕೆರೆಯನ್ನು ನೋಡಿ ಮಾಡುವ ಜೀರ್ಣೋದ್ಧಾರದ ತೊಡಕಿಗೆ ಕೋಡಿಯನ್ನು ಎತ್ತರಿಸುವ ಕಾಮಗಾರಿಯೇ ಉದಾಹರಣೆ. ಒಂದು ಊರಿಗೆ ನೀರಿನ ಸಂಗ್ರಹ ಹೆಚ್ಚುತ್ತದೆ. ಅದೇ ಹೊತ್ತಿಗೆ ಹಿನ್ನೀರು ಗಸ್‌ಗೊಮ್ಮನದ ಬುಡ ಮುಳುಗಿಸಿ ಮೇಲಿನ ಊರಿನ ಗದ್ದೆಗೆ ನುಗ್ಗಬಹುದು, ಕೆಳಗಿನ ಕೆರೆಗೆ ಸೇರಬೇಕಾದ ಕೋಡಿನೀರು ತಗ್ಗುತ್ತದೆ. ಆದ್ದರಿಂದ ಅಂದಾಜುಪಟ್ಟಿಯನ್ನು ಒಂದು ಕೆರೆಗೆ ತಯಾರಿಸದೆ ಇಡೀ ಕಣಿವೆಗೆ ತಯಾರಿಸಬೇಕು. ಕಟ್ಟಕಡುವದ ಎಲ್ಲೆಯನ್ನೂ ಅಳೆದು ನಕ್ಷೆಯಲ್ಲಿ ಗುರುತಿಸಿದ ಮೇಲೆಯೇ ಏರಿಗೆ ಮಣ್ಣು ಹಾಕಬೇಕು.