ಬಿಸಿಗೆ ಹಿಗ್ಗುವ ಕೊಳವೆ: ಎಕ್ಸ್‌ಪ್ಯಾನ್ಷನ್ ಲೂಪ್ ವಿನ್ಯಾಸದ ಚಾರಿತ್ರಿಕ ಅಧ್ಯಯನ

ಪೀಠಿಕೆ

ಉಗಿಯನ್ನೋ ಕಾಯಿಸಿದ ಎಣ್ಣೆಯನ್ನೋ ಒಯ್ಯುವ ಉದ್ದನೆಯ ಕೊಳವೆಸಾಲು ಅಲ್ಲಲ್ಲಿ ಪಕ್ಕಕ್ಕೆ ಹೊರಳಿ, ಚೌಕವಾಗಿ ಸುತ್ತಿ ಮತ್ತೆ ತನ್ನ ದಾರಿಗೆ ಬರುತ್ತದೆ. ಇದೇ ಎಕ್ಸ್‌ಪ್ಯಾನ್ಷನ್ ಲೂಪ್. ಬಿಸಿಯಾದಾಗ ಹೆಚ್ಚುವ ಉದ್ದವನ್ನು ಅದು ಬಾಗಿ ತಾಳಿಕೊಳ್ಳುತ್ತದೆ. ಈ ವಿನ್ಯಾಸ ಶಾಸ್ತ್ರವಾಗಿ ರೂಪುಗೊಂಡದ್ದು 1910ರಿಂದ 1955ರ ನಡುವೆ. ಲೆಕ್ಕ ಮತ್ತು ಅಳತೆ ತಾಳೆಯಾಗದಿದ್ದಾಗ ಅಳತೆಯನ್ನು ನಂಬಿ, ತಮ್ಮ ಪ್ರಶ್ನೆಯನ್ನೇ ಬದಲಿಸಿಕೊಂಡವರಿಂದ ಅದು ಬೆಳೆಯಿತು ಎಂಬುದು ಈ ಲೇಖನದ ಪ್ರತಿಪಾದನೆ.

ಎಷ್ಟು ಹಿಗ್ಗುತ್ತದೆ?

ಲೋಹಗಳು ಹಿಗ್ಗುವ ಪ್ರಮಾಣವನ್ನು ಮುಷೆನ್‌ಬ್ರೂಕ್, ಜಾನ್ ಸ್ಮೀಟನ್ ಮೊದಲಾದವರು 18ನೆಯ ಶತಮಾನದಲ್ಲೇ ಅಳೆದಿದ್ದರು. ಸಾಮಾನ್ಯ ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಲೇಖನದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಕಾರ್ಖಾನೆಗಳಲ್ಲಿ ನಿತ್ಯ ಕಾಣುವ, ಹೊರವ್ಯಾಸ 114.3 ಮಿ.ಮೀ., ಗೋಡೆಯ ದಪ್ಪ 6 ಮಿ.ಮೀ. ಇರುವ 4 ಇಂಚಿನ ಪೈಪು. ಅದರ 80 ಮೀಟರ್ ಉದ್ದ 100 ಡಿಗ್ರಿಯಷ್ಟು ಬಿಸಿಯಾದರೆ 96 ಮಿ.ಮೀ. ಹಿಗ್ಗುತ್ತದೆ.

ಎರಡೂ ತುದಿಗಳನ್ನು ಅಲುಗದಂತೆ ಬಿಗಿದರೆ ಪೈಪಿನಲ್ಲಿ ಸುಮಾರು 240 ಮೆಗಾಪಾಸ್ಕಲ್ ಸ್ಟ್ರೆಸ್ ಏಳುತ್ತದೆ. ಸಾಧಾರಣ ಪೈಪು ಉಕ್ಕು ಶಾಶ್ವತವಾಗಿ ವಿರೂಪಗೊಳ್ಳತೊಡಗುವುದು ಹೆಚ್ಚುಕಡಿಮೆ ಅಲ್ಲೇ. ತುದಿಯನ್ನು ಬಿಗಿದಿಡುವ ಆಂಕರಿನ ಮೇಲೆ ಬೀಳುವ ಬಲ ಸುಮಾರು 50 ಟನ್ ಭಾರಕ್ಕೆ ಸಮ. ಗೋಡೆ ದಪ್ಪ ಮಾಡಿದರೂ ಪರಿಹಾರವಿಲ್ಲ. ಸ್ಟ್ರೆಸ್ ಅಷ್ಟೇ ಉಳಿದು ಆಂಕರಿನ ಮೇಲಿನ ಬಲ ಮಾತ್ರ ಹೆಚ್ಚುತ್ತದೆ.

1877ರಲ್ಲಿ ಬರ್ಡ್‌ಸಿಲ್ ಹಾಲಿ ಅಮೆರಿಕದ ಲಾಕ್‌ಪೋರ್ಟ್‌ನಲ್ಲಿ ಮನೆಮನೆಗೆ ಉಗಿ ಹಂಚಲು ಆರಂಭಿಸಿದ. 1882ರಲ್ಲಿ ನ್ಯೂಯಾರ್ಕ್‌ನಲ್ಲೂ ಉಗಿ ಪೂರೈಕೆ ಶುರುವಾಯಿತು. ಬಾಯ್ಲರ್ ಮನೆಯ ಸಮಸ್ಯೆ ಹೀಗೆ ಊರಿನ ಸಮಸ್ಯೆಯಾಯಿತು. ಒಂದರೊಳಗೊಂದು ಜಾರುವ ಜಾಯಿಂಟುಗಳಿಗೆ ಪದೇ ಪದೇ ಪ್ಯಾಕಿಂಗ್ ಬದಲಿಸಬೇಕಿತ್ತು. ಬಾಗಿಸಿದ ಪೈಪಿಗೆ ಆ ಕಾಟವಿಲ್ಲ. ಆದರೆ ಅದರ ಅಳತೆಯನ್ನು ಲೆಕ್ಕದಿಂದ ನಿರ್ಧರಿಸುವ ದಾರಿ ಸ್ಪಷ್ಟವಿರಲಿಲ್ಲ.

ಬಾಗು ಏಕೆ ಅಷ್ಟು ಮೆದು?

1910ರಲ್ಲಿ ಜರ್ಮನಿಯ ಎಂಜಿನಿಯರ್ ಬಾಂಟ್ಲಿನ್ ಇಂಥ ಬಾಗು ಪೈಪುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ತೊಲೆಯ ಬಾಗುವಿಕೆಯ ಸೂತ್ರ ಹೇಳುವುದಕ್ಕಿಂತ ಅವು ಬಹಳ ಹೆಚ್ಚು ಬಾಗಿದವು. ಮರುವರ್ಷ ಥಿಯೋಡೋರ್ ವಾನ್ ಕಾರ್ಮಾನ್ ಕಾರಣ ತೋರಿಸಿಕೊಟ್ಟ. ಬಾಗಿದ ಪೈಪನ್ನು ಮತ್ತಷ್ಟು ಬಾಗಿಸಿದಾಗ ಅದರ ದುಂಡನೆಯ ಅಡ್ಡಛೇದ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದಷ್ಟೂ ಸುಲಭವಾಗಿ ಬಾಗುತ್ತದೆ. ಗೋಡೆಯ ದಪ್ಪವನ್ನು ಬಾಗಿನ ತ್ರಿಜ್ಯದಿಂದ ಗುಣಿಸಿ, ಪೈಪಿನ ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಸಿಗುವ ಒಂದೇ ಸಂಖ್ಯೆ ಈ ಮೆದುತನವನ್ನು ನಿರ್ಧರಿಸುತ್ತದೆ. ನಮ್ಮ 4 ಇಂಚಿನ ಪೈಪಿಗೆ 152 ಮಿ.ಮೀ. ತ್ರಿಜ್ಯದ ಎಲ್ಬೋ (ಬಾಗಿದ ತುಂಡು) ಹಾಕಿದರೆ ಆ ಸಂಖ್ಯೆ ಸುಮಾರು 0.31. ಕಾರ್ಮಾನ್ ಸೂತ್ರದಂತೆ, ಆ ಎಲ್ಬೋ ಅಷ್ಟೇ ಉದ್ದದ ನೇರ ಪೈಪಿಗಿಂತ ಸುಮಾರು 5 ಪಟ್ಟು ಹೆಚ್ಚು ಬಾಗುತ್ತದೆ.

ಈ ಮೆದುತನಕ್ಕೆ ತೆರಬೇಕಾದ ಬೆಲೆಯೂ ಇದೆ. ಚಪ್ಪಟೆಯಾಗುವ ಗೋಡೆಯಲ್ಲಿ ಸ್ಟ್ರೆಸ್ ಒಂದೆಡೆ ಸಾಂದ್ರವಾಗುತ್ತದೆ. ಆ ಬೆಲೆ ಎಷ್ಟೆಂದು ತಿಳಿಯಲು ಇನ್ನೂ ನಾಲ್ಕು ದಶಕ ಕಾಯಬೇಕಾಯಿತು.

ಎಷ್ಟು ಬಾರಿ ತಾಳುತ್ತದೆ?

ಎ. ಆರ್. ಸಿ. ಮಾರ್ಕ್ಲ್ ಕೆಲಸ ಮಾಡುತ್ತಿದ್ದುದು ಕೆಂಟಕಿಯ ಲೂಯಿವಿಲ್‌ನಲ್ಲಿದ್ದ ಟ್ಯೂಬ್ ಟರ್ನ್ಸ್ ಕಂಪನಿಯಲ್ಲಿ. ಎಲ್ಬೋ, ಟೀ, ವೆಲ್ಡಿಂಗ್ ಮಾಡಿದ ಜೋಡಣೆಗಳನ್ನು ಆತ ಸೀಳು ಬಿಡುವವರೆಗೆ ಹಿಂದಕ್ಕೂ ಮುಂದಕ್ಕೂ ಬಾಗಿಸಿದ. 1952ರಲ್ಲಿ ಪ್ರಕಟವಾದ ಆ ಪ್ರಯೋಗಗಳ ಫಲಿತಾಂಶ ಇಂದಿಗೂ ಬಳಕೆಯಲ್ಲಿದೆ. ಸ್ಟ್ರೆಸ್ ಇಮ್ಮಡಿಯಾದರೆ ತಾಳುವ ಆವರ್ತನೆಗಳ ಸಂಖ್ಯೆ 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೆದುತನದ ಬೆಲೆಯೂ ಗೊತ್ತಾಯಿತು: ನಮ್ಮ ಎಲ್ಬೋವಿನ ಪರಿಣಾಮಕಾರಿ ಸ್ಟ್ರೆಸ್ ಸಾಮಾನ್ಯ ಸುತ್ತು ವೆಲ್ಡಿಂಗಿನದಕ್ಕಿಂತ ಸುಮಾರು 1.95 ಪಟ್ಟು.

ಮಾರ್ಕ್ಲ್ ಇಲ್ಲಿ ಪ್ರಶ್ನೆಯನ್ನೇ ಬದಲಿಸಿದ. ಒಳಗಿನ ಉಗಿಯ ಒತ್ತಡ ಪೈಪು ಎಷ್ಟೇ ಹಿಗ್ಗಿದರೂ ತಗ್ಗದು. ಬಿಸಿಯಿಂದ ಬರುವ ಸ್ಟ್ರೆಸ್ ಹಾಗಲ್ಲ: ಲೋಹ ತುಸು ಮಣಿದರೆ ತಾನೇ ಕಡಿಮೆಯಾಗುತ್ತದೆ. ಆದ್ದರಿಂದ ಕೇಳಬೇಕಾದದ್ದು ಗರಿಷ್ಠ ಸ್ಟ್ರೆಸ್ ಎಷ್ಟು ಎಂದಲ್ಲ, ತಣ್ಣಗಿನಿಂದ ಬಿಸಿಗೆ ಹೋಗಿಬರುವ ಅಂತರ ಎಷ್ಟು, ಎಷ್ಟು ಬಾರಿ ಎಂದು. 1955ರ ಅಮೆರಿಕದ ಬಿ31.1 ಸಂಹಿತೆ ಈ ವಿಚಾರವನ್ನು ಅಂಗೀಕರಿಸಿ 7,000 ಆವರ್ತನೆಗಳನ್ನು ಆಧಾರವಾಗಿಟ್ಟುಕೊಂಡಿತು. ದಿನಕ್ಕೊಮ್ಮೆ ಬಾಯ್ಲರ್ ಹೊತ್ತಿಸಿ ಆರಿಸಿದರೆ ಅದು ಸುಮಾರು 19 ವರ್ಷದ ಬಾಳಿಕೆ.

ಲೂಪಿನ ಸರಳ ಲೆಕ್ಕವೂ ಇಲ್ಲಿಗೆ ಹೊಂದಿಕೊಳ್ಳುತ್ತದೆ. 80 ಮೀಟರ್ ಸಾಲಿನ ನಡುವೆ ಲೂಪ್ ಇಟ್ಟು, ತುದಿಗಳಲ್ಲಿ ಆಂಕರ್, ನಡುವೆ ಪೈಪನ್ನು ಉದ್ದಕ್ಕೆ ಮಾತ್ರ ಜಾರಬಿಡುವ ಗೈಡ್ ಕೊಟ್ಟರೆ ಲೂಪಿನ ಒಂದೊಂದು ಕಾಲಿಗೆ 48 ಮಿ.ಮೀ. ಚಲನೆ ಬರುತ್ತದೆ. ಸ್ಟ್ರೆಸ್ 140 ಮೆಗಾಪಾಸ್ಕಲ್ ಮೀರಬಾರದೆಂದರೆ ಎಲ್ಬೋಗಳ ಮೆದುತನವನ್ನು ಎಣಿಸದೆ ಕಾಲಿನ ಉದ್ದ ಸುಮಾರು 4.85 ಮೀಟರ್ ಇರಬೇಕು. ಹಿಗ್ಗುವಿಕೆ ನಾಲ್ಕು ಪಟ್ಟಾದರೂ ಕಾಲಿನ ಉದ್ದ ಇಮ್ಮಡಿಯಾದರೆ ಸಾಕು.

ಎರಡು ಸಾಕ್ಷ್ಯಗಳು

ಜಾಗ ಉಳಿಸಲು ಲೂಪಿನ ಬದಲು ತೆಳು ತಗಡಿನ ಬೆಲ್ಲೋಸ್ ಬಳಸುವುದುಂಟು. ಆದರೆ ಒಳಗಿನ ಒತ್ತಡ ಬೆಲ್ಲೋಸನ್ನು ಎಳೆದು ಬಿಚ್ಚಲು ನೋಡುತ್ತದೆ. ಆ ಬಲವನ್ನು ಬೇರೆ ಆಧಾರ ಹೊರಬೇಕು. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಕಾರ್ಖಾನೆಯಲ್ಲಿ ಎರಡು ಬೆಲ್ಲೋಸ್‌ಗಳ ನಡುವೆ ಸರಿಯಾದ ಆಧಾರವಿಲ್ಲದೆ ಕೂರಿಸಿದ್ದ ತಾತ್ಕಾಲಿಕ ಪೈಪು ಕಿತ್ತುಬಂದು ಸ್ಫೋಟವಾಯಿತು. 28 ಜನ ಸತ್ತರು.

1977ರಲ್ಲಿ ಎಣ್ಣೆ ಹರಿಯತೊಡಗಿದ ಅಲಾಸ್ಕಾದ 1,287 ಕಿ.ಮೀ. ಕೊಳವೆಮಾರ್ಗ ಅರ್ಧಕ್ಕಿಂತ ಹೆಚ್ಚು ದೂರ ನೆಲದ ಮೇಲೆ ಅಂಕುಡೊಂಕಾಗಿ ಸಾಗುತ್ತದೆ. ಉದ್ದದ ಹಿಗ್ಗುವಿಕೆ ಅಲ್ಲಿ ಪಕ್ಕದ ಜರುಗಾಟವಾಗಿ ಮಾರ್ಪಡುತ್ತದೆ. 2002ರಲ್ಲಿ 7.9 ತೀವ್ರತೆಯ ಭೂಕಂಪವಾಗಿ ಡೆನಾಲಿ ಬಿರುಕು ಅದರ ಕೆಳಗೇ ಸರಿದರೂ ಪೈಪು ಒಡೆಯಲಿಲ್ಲ.

ಉಪಸಂಹಾರ

ಇಂದು ಈ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ. ಆದರೂ ಆ ತಂತ್ರಾಂಶಗಳ ಅಡಿಪಾಯ ಕಾರ್ಮಾನ್‌ನ ಚಪ್ಪಟೆ ಎಲ್ಬೋ, ಮಾರ್ಕ್ಲ್‌ನ ಒಡೆದ ತುಂಡುಗಳು. ಯಾವ ಪೈಪು, ಯಾವ ವೆಲ್ಡಿಂಗು, ಎಷ್ಟು ಆವರ್ತನೆಗೆ ಆ ಅಂಕಿಗಳು ಸಿದ್ಧವಾದವು ಎಂಬುದನ್ನು ಅರಿಯದೆ ಅವನ್ನು ಬಳಸುವುದು ಅಪಾಯ. ಎಂಜಿನಿಯರಿಂಗ್ ತರಗತಿಗಳಲ್ಲಿ ಸೂತ್ರದ ಜೊತೆಗೆ ಅದು ಹುಟ್ಟಿದ ಪ್ರಯೋಗವನ್ನೂ ಕಲಿಸಬೇಕು. ಸೂತ್ರದ ಎಲ್ಲೆ ಗೊತ್ತಾಗುವುದು ಅಲ್ಲೇ.