ಒಂದು ನಳಿಕೆ, ಹಲವು ಔಷಧ: ಸೆಂಟ್ರಲ್ ಲೈನ್‌ನ ಸುರಕ್ಷತೆ ಬೆಳೆದುಬಂದ ಬಗೆ

ಕುತ್ತಿಗೆಯ, ಕೊರಳೆಲುಬಿನ ಕೆಳಗಿನ ಅಥವಾ ತೋಳಿನ ಅಭಿಧಮನಿಯ ಮೂಲಕ ತೂರಿಸಿ, ತುದಿಯನ್ನು ಹೃದಯದ ಸಮೀಪದ ದೊಡ್ಡ ರಕ್ತನಾಳದಲ್ಲಿ ನಿಲ್ಲಿಸುವ ತೆಳುವಾದ ಕೊಳವೆಗೆ ಕೇಂದ್ರ ಅಭಿಧಮನಿ ಕ್ಯಾಥೆಟರ್ ಎಂದು ಹೆಸರು. ಆಸ್ಪತ್ರೆಯ ಬಳಕೆಯಲ್ಲಿ ಅದು ಸೆಂಟ್ರಲ್ ಲೈನ್. ಮುಂಗೈಯ ಸಣ್ಣ ನಾಳಗಳನ್ನು ಕೆಡಿಸಿಬಿಡುವಷ್ಟು ತೀಕ್ಷ್ಣವಾದ ಔಷಧಗಳನ್ನೂ ಇದರ ಮೂಲಕ ಕೊಡಬಹುದು, ಏಕೆಂದರೆ ತುದಿಯಿಂದ ಹೊರಬಿದ್ದ ಔಷಧವನ್ನು ಅಲ್ಲಿನ ರಭಸದ ರಕ್ತಪ್ರವಾಹ ಕ್ಷಣಮಾತ್ರದಲ್ಲಿ ತೆಳುವಾಗಿಸುತ್ತದೆ. ಆದರೆ ಈ ರಕ್ಷಣೆ ದೊರೆಯುವುದು ಕೊಳವೆಯಿಂದ ಹೊರಬಂದ ಮೇಲೆಯೇ. ಕೊಳವೆಯೊಳಗೆ ಎರಡು ಔಷಧಗಳು ಸೇರಿದರೆ ಅವು ತಮ್ಮ ಪೂರ್ಣ ಸಾಂದ್ರತೆಯಲ್ಲೇ ಪರಸ್ಪರ ತಾಗುತ್ತವೆ. ಈ ಕ್ಷೇತ್ರದ ಸುಮಾರು ನೂರು ವರ್ಷಗಳ ಚರಿತ್ರೆಯಲ್ಲಿ ಮೊದಲ ಅರ್ಧ ಹೃದಯದ ಬಳಿಗೆ ದಾರಿ ಹುಡುಕುವುದರಲ್ಲಿ ಕಳೆಯಿತು. ಉಳಿದ ಅರ್ಧದ ಬಹುಪಾಲು ಆ ದಾರಿಯೊಳಗೇ ಹುಟ್ಟುವ ಅಪಾಯಗಳನ್ನು ಅರಿಯುವುದಕ್ಕೆ ಮೀಸಲಾಯಿತು.

ದಾರಿಯ ಕಥೆ ಚಿಕ್ಕದು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವೆರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ಅಭಿಧಮನಿಯಿಂದ ಹೃದಯದವರೆಗೆ ಮೂತ್ರನಾಳದ ಕೊಳವೆಯೊಂದನ್ನು ಸಾಗಿಸಿಕೊಂಡು ಎಕ್ಸ್‌ರೇ ತೆಗೆಸಿದನು. 1956ರಲ್ಲಿ ನೊಬೆಲ್ ಪುರಸ್ಕಾರ ಬರುವ ತನಕ ಅದನ್ನು ಸಾಹಸವೆಂದು ಕಂಡವರೇ ಹೆಚ್ಚು. ಫ್ರಾನ್ಸಿನ ಒಬಾನಿಯಾಕ್ 1952ರಲ್ಲಿ ಕೊರಳೆಲುಬಿನ ಕೆಳಗಿನ ನಾಳದ ಮಾರ್ಗವನ್ನು ವಿವರಿಸಿದನು, ಮರುವರ್ಷ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿಯೊಳಗಿಂದ ತಂತಿಯನ್ನು ಇಳಿಸಿ, ಸೂಜಿ ತೆಗೆದು, ತಂತಿಯ ಮೇಲೆಯೇ ಕೊಳವೆಯನ್ನು ಜಾರಿಸುವ ವಿಧಾನವನ್ನು ಪ್ರಕಟಿಸಿದನು; ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ತಿರುವು ಬಂದದ್ದು 1960ರ ದಶಕದ ಕೊನೆಯಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಊಟ ಸೇರದ ರೋಗಿಗಳಿಗೆ ಸಕ್ಕರೆ, ಅಮೈನೊ ಆಮ್ಲ, ಲವಣಗಳ ಸಾಂದ್ರ ದ್ರಾವಣವನ್ನು ಸೆಂಟ್ರಲ್ ಲೈನ್ ಮೂಲಕ ವಾರಗಟ್ಟಲೆ ಕೊಟ್ಟು ಬದುಕಿಸಬಹುದೆಂದು ತೋರಿಸಿಕೊಟ್ಟರು. ಅಂದಿನಿಂದ ಒಂದೇ ಕೊಳವೆ ಆಹಾರಕ್ಕೂ, ಆಂಟಿಬಯಾಟಿಕ್‌ಗೂ, ರಕ್ತದೊತ್ತಡ ಹಿಡಿದು ನಿಲ್ಲಿಸುವ ಔಷಧಕ್ಕೂ ಬೇಕಾಗತೊಡಗಿತು. ಇದಕ್ಕೆ ಉತ್ತರವಾಗಿ 1980ರ ದಶಕದಲ್ಲಿ ಒಂದೇ ಹೊರಕವಚದೊಳಗೆ ಪ್ರತ್ಯೇಕ ನಾಳಿಗಳುಳ್ಳ, ಪ್ರತಿ ನಾಳಿಯೂ ಬೇರೆ ಬೇರೆ ಬಿಂದುವಿನಲ್ಲಿ ತೆರೆದುಕೊಳ್ಳುವ ಕ್ಯಾಥೆಟರ್‌ಗಳು ಬಳಕೆಗೆ ಬಂದವು. ಈ ಒಳನಾಳಿಗೆ ಲ್ಯೂಮೆನ್ ಎನ್ನುತ್ತಾರೆ. ಮೂರು ಲ್ಯೂಮೆನ್ ಇದ್ದರೆ ಸಮಸ್ಯೆ ತೀರಿತೆಂದು ಭಾವಿಸಿದ್ದು ಸಹಜವೇ. ಆದರೆ ತೀವ್ರ ನಿಗಾ ಘಟಕದ ರೋಗಿಗೆ ಏಕಕಾಲದಲ್ಲಿ ಆರೇಳು ಔಷಧ ಹರಿಯುತ್ತಿರುವುದು ಅಪರೂಪವಲ್ಲವಾದ್ದರಿಂದ, ಯಾವುದನ್ನು ಯಾವುದರ ಜೊತೆ ಬಿಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆಯ ಒಂದು ಮುಖ ರಸಾಯನಶಾಸ್ತ್ರದ್ದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಅತಿ ಕ್ಷಾರೀಯ ದ್ರಾವಣದಲ್ಲಿ ಮಾತ್ರ ಕರಗಿರುತ್ತದೆ. ಗ್ಲೂಕೋಸ್ ಡ್ರಿಪ್ ತಾಗಿದೊಡನೆ ಅದು ಹರಳುಗಟ್ಟುತ್ತದೆ. ಮಂಪರು ತರಿಸುವ ಆಮ್ಲೀಯ ಮಿಡಜೋಲಮ್, ಮೂತ್ರ ಹೆಚ್ಚಿಸುವ ಕ್ಷಾರೀಯ ಫ್ಯೂರೋಸೆಮೈಡ್ ಕೂಡಿದರೂ ಹೀಗೆಯೇ. ಬೈಕಾರ್ಬನೇಟ್ ಕ್ಯಾಲ್ಸಿಯಂ ಜೊತೆ ಸೇರಿದರೆ ಸುಣ್ಣದ ಗಸಿ ಕಟ್ಟುತ್ತದೆ, ಅಡ್ರಿನಲಿನ್ ಜೊತೆ ಸೇರಿದರೆ ಕಣ್ಣಿಗೆ ಏನೂ ಕಾಣದೆಯೇ ಅಡ್ರಿನಲಿನ್‌ನ ಶಕ್ತಿ ಕುಂದುತ್ತದೆ. ಕಾಣದ ಕೇಡೇ ಹೆಚ್ಚು ಭಯಂಕರವೆಂಬುದಕ್ಕೆ 1994ರ ಅಮೆರಿಕದ ಪ್ರಕರಣ ಸಾಕ್ಷಿ: ಅಭಿಧಮನಿಯ ಮೂಲಕ ಕೊಟ್ಟ ಪೌಷ್ಟಿಕ ಮಿಶ್ರಣದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟಿ ಶ್ವಾಸಕೋಶ ಸೇರಿ ಇಬ್ಬರು ಸತ್ತರು, ಮಿಶ್ರಣದಲ್ಲಿದ್ದ ಕೊಬ್ಬಿನ ಹಾಲುಬಿಳುಪು ಆ ಹರಳುಗಳನ್ನು ಮರೆಮಾಚಬಲ್ಲದ್ದಾಗಿತ್ತು. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಮತ್ತು ಕ್ಯಾಲ್ಸಿಯಂ ಕೂಡುವುದರ ಕುರಿತು, ಮುಖ್ಯವಾಗಿ ನವಜಾತ ಶಿಶುಗಳಲ್ಲಿ, 2007ರಲ್ಲಿ ಇನ್ನೊಂದು ಎಚ್ಚರಿಕೆ ಹೊರಬಿತ್ತು.

ಈ ಅರಿವನ್ನು ಕ್ರೋಡೀಕರಿಸಲು ಕೈಪಿಡಿಗಳು ಹುಟ್ಟಿದವು. ಅಮೆರಿಕದಲ್ಲಿ ಲಾರೆನ್ಸ್ ಟ್ರಿಸೆಲ್ 1977ರಿಂದ ಸಂಪಾದಿಸಿದ ಗ್ರಂಥ ಪ್ರಸಿದ್ಧವಾದರೆ, ಆಸ್ಟ್ರೇಲಿಯಾದ ವಾರ್ಡುಗಳಲ್ಲಿ ಆಸ್ಪತ್ರೆ ಔಷಧಶಾಸ್ತ್ರಜ್ಞರ ಸಂಘ ಹೊರತಂದ ‘ಆಸ್ಟ್ರೇಲಿಯನ್ ಇಂಜೆಕ್ಟಬಲ್ ಡ್ರಗ್ಸ್ ಹ್ಯಾಂಡ್‌ಬುಕ್’ ಕೈಯಳತೆಯಲ್ಲಿರುತ್ತದೆ. ಈ ಪಟ್ಟಿಗಳ ಮಿತಿಯನ್ನು ಹೇಳಲೇಬೇಕು: ಅವುಗಳ ಹಿಂದಿನ ಪರೀಕ್ಷೆಗಳು ಸಾಮಾನ್ಯವಾಗಿ ಎರಡೇ ಔಷಧಗಳನ್ನು, ಗೊತ್ತುಪಡಿಸಿದ ಸಾಂದ್ರತೆಯಲ್ಲಿ, ಸಮಭಾಗವಾಗಿ ಬೆರೆಸಿ ಕೆಲವು ಗಂಟೆ ನೋಡಿದವು. ಮೂರನೆಯದೊಂದು ಅದೇ ಕೊಳವೆಗೆ ಸೇರಿದಾಗ ಏನಾಗುತ್ತದೆಂಬುದಕ್ಕೆ ಪಟ್ಟಿಯಲ್ಲಿ ಬಹುತೇಕ ಉತ್ತರವಿರುವುದಿಲ್ಲ, ಮತ್ತು ಉತ್ತರವಿಲ್ಲದಿರುವುದನ್ನು ಒಪ್ಪಿಗೆಯೆಂದು ಓದುವುದು ಅಪಾಯಕರ.

ಎರಡನೆಯ ಮುಖ ಹರಿವಿನದು. ಇದಕ್ಕೆ ಸಲ್ಲಬೇಕಾದಷ್ಟು ಗಮನ ಸಂದದ್ದು ತಡವಾಗಿ. ಒಂದು ಲ್ಯೂಮೆನ್ ತುಂಬಲು ಸುಮಾರು 0.4 ಮಿಲಿಲೀಟರ್ ಸಾಕು. ರಕ್ತದೊತ್ತಡ ಏರಿಸುವ ನಾರಡ್ರಿನಲಿನ್ ಸಿರಿಂಜ್ ಪಂಪಿನಿಂದ ಗಂಟೆಗೆ 2 ಮಿಲಿಲೀಟರ್‌ನಂತೆ ಹರಿಯುತ್ತಿದ್ದರೆ, ಆ 0.4 ಮಿಲಿಲೀಟರ್ ಎಂದರೆ 12 ನಿಮಿಷದ ಔಷಧ. ಅದೇ ಲ್ಯೂಮೆನ್‌ಗೆ ಯಾರಾದರೂ ಸಲೈನ್ ಒತ್ತಿಬಿಟ್ಟರೆ 12 ನಿಮಿಷದ್ದು ಕೆಲವೇ ಸೆಕೆಂಡುಗಳಲ್ಲಿ ಹೃದಯ ಸೇರಿ ರಕ್ತದೊತ್ತಡ ಹಠಾತ್ತನೆ ನೆಗೆಯುತ್ತದೆ; ಆಮೇಲೆ ಖಾಲಿಯಾದ ನಾಳಿ ಮತ್ತೆ ತುಂಬುವವರೆಗೆ ಪಂಪ್ ಓಡುತ್ತಿದ್ದರೂ ರೋಗಿಗೆ ಔಷಧವೇ ಮುಟ್ಟುವುದಿಲ್ಲ. ಇಂಥ ಔಷಧಕ್ಕೆ ಒಂದು ಲ್ಯೂಮೆನ್ ಮೀಸಲಿಟ್ಟು, ಅದರಲ್ಲಿ ಬೇರೆ ಯಾವ ಚುಚ್ಚುಮದ್ದನ್ನೂ ತಳ್ಳಬಾರದೆಂಬ ನಿಯಮದ ಹಿಂದೆ ಇರುವುದು ಈ ಸರಳ ಲೆಕ್ಕ.

ಹಾಗಾದರೆ ಲ್ಯೂಮೆನ್‌ಗಳನ್ನು ಹೆಚ್ಚಿಸುತ್ತಲೇ ಹೋಗಬಹುದಲ್ಲ ಎಂದರೆ, ಅಡ್ಡ ಬರುವುದು ಸೋಂಕು. ಪ್ರತಿ ಲ್ಯೂಮೆನ್ ರೋಗಾಣುಗಳಿಗೆ ಇನ್ನೊಂದು ಬಾಗಿಲು; ಆದ್ದರಿಂದಲೇ ಅಗತ್ಯಕ್ಕೆ ತಕ್ಕಷ್ಟೇ ಲ್ಯೂಮೆನ್‌ಗಳಿರಲಿ, ಪೌಷ್ಟಿಕ ದ್ರಾವಣಕ್ಕೆ ಒಂದು ಮೀಸಲಿರಲಿ ಎಂಬ ಸೂತ್ರ ನೆಲೆಗೊಂಡಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೋಸ್ಟ್ ತಂಡ 2006ರಲ್ಲಿ ಪ್ರಕಟಿಸಿದ ಸೋಂಕು ತಡೆಯ ಯಶಸ್ಸಿನ ಬೆನ್ನಿಗೆ, ಸಿಡ್ನಿಯನ್ನು ರಾಜಧಾನಿಯಾಗಿ ಉಳ್ಳ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 37 ತೀವ್ರ ನಿಗಾ ಘಟಕಗಳು 2007-08ರಲ್ಲಿ ಲೈನ್ ಹಾಕುವಾಗಿನ ಶುಚಿತ್ವವನ್ನು ಪರಿಶೀಲನಾ ಪಟ್ಟಿಯಿಂದ ಬಿಗಿಗೊಳಿಸಿ, ಪ್ರತಿ 1000 ಲೈನ್-ದಿನಗಳಿಗೆ (ಒಂದು ಲೈನ್ ಒಂದು ದಿನ ಇದ್ದರೆ ಒಂದು ಲೈನ್-ದಿನ) 3.0 ಇದ್ದ ರಕ್ತಸೋಂಕನ್ನು 1.2ಕ್ಕೆ ಇಳಿಸಿದವು. ಮೆಲ್ಬರ್ನ್‌ನಲ್ಲಿ 2002ರಿಂದ ವಿಕ್‌ನಿಸ್ ಎಂಬ ಸಂಸ್ಥೆ ವಿಕ್ಟೋರಿಯಾ ರಾಜ್ಯದ ಆಸ್ಪತ್ರೆಗಳ ಸೋಂಕಿನ ಲೆಕ್ಕ ಇಡುತ್ತ ಬಂದಿದೆ. ಡ್ರಿಪ್ ಕೊಳವೆಗಳನ್ನು ನಾಲ್ಕು ದಿನಕ್ಕೊಮ್ಮೆ ಬದಲಾಯಿಸುವ ರೂಢಿಯನ್ನು ಪ್ರಶ್ನಿಸಿ, ಏಳು ದಿನ ಬಿಟ್ಟರೂ ಸೋಂಕು ಹೆಚ್ಚುವುದಿಲ್ಲವೆಂದು 2021ರಲ್ಲಿ ತೋರಿಸಿಕೊಟ್ಟ ದೊಡ್ಡ ಪ್ರಯೋಗವೂ ಆಸ್ಟ್ರೇಲಿಯಾದ್ದೇ, ಕ್ಲೇರ್ ರಿಕಾರ್ಡ್ ನೇತೃತ್ವದ್ದು.

ಹಲವು ಕೊಳವೆಗಳು ಒಂದೆಡೆ ಸೇರಿದಾಗ ಯಾವುದು ಯಾವುದೆಂದು ತಿಳಿಯದೆ ಆಗುವ ಪ್ರಮಾದಕ್ಕೆ ಆಸ್ಟ್ರೇಲಿಯಾ ಕಂಡುಕೊಂಡ ಉಪಾಯ ಚೀಟಿಯದು. 2010ರ ಶಿಫಾರಸುಗಳಾಗಿ ಆರಂಭವಾಗಿ 2015ರಲ್ಲಿ ರಾಷ್ಟ್ರೀಯ ಮಾನದಂಡವಾದ ಈ ಕ್ರಮದಂತೆ ಅಭಿಧಮನಿಗೆ ನೀಲಿ, ಧಮನಿಗೆ ಕೆಂಪು, ಬೆನ್ನುಹುರಿ ಮತ್ತು ನರಗಳ ಸುತ್ತಲಿನ ಮಾರ್ಗಕ್ಕೆ ಹಳದಿ ಬಣ್ಣ ನಿಗದಿಯಾಗಿದೆ. ಚೀಲದ ಮೇಲಿನ ಚೀಟಿಯಲ್ಲಿ ಔಷಧ, ಪ್ರಮಾಣ, ಸಾಂದ್ರತೆ, ಸಮಯಗಳ ಜೊತೆಗೆ ಸಿದ್ಧಪಡಿಸಿದವರ ಮತ್ತು ಪರಿಶೀಲಿಸಿದವರ ಗುರುತೂ ಇರಬೇಕು. ದುಬಾರಿ ಪಂಪುಗಳ ಬಗ್ಗೆ ನಡೆದಷ್ಟು ಚರ್ಚೆ ಈ ಅಗ್ಗದ ಚೀಟಿಯ ಬಗ್ಗೆ ನಡೆಯದಿರುವುದು ವಿಚಿತ್ರ.

ಈಚಿನ ಬೆಳವಣಿಗೆ ಆಸ್ಪತ್ರೆಯ ಗೋಡೆಯಾಚೆ ನಡೆಯುತ್ತಿದೆ. ವಿಕ್ಟೋರಿಯಾ 1994ರಲ್ಲಿ ಆರಂಭಿಸಿದ ‘ಹಾಸ್ಪಿಟಲ್ ಇನ್ ದ ಹೋಮ್’ ವ್ಯವಸ್ಥೆಯಲ್ಲಿ ರೋಗಿ ಲೆಕ್ಕಕ್ಕೆ ಒಳರೋಗಿಯಾಗಿಯೇ ಉಳಿದು ಮನೆಯಲ್ಲಿ ಚಿಕಿತ್ಸೆ ಪಡೆಯುತ್ತಾನೆ. ಭಾರತೀಯ ಮೂಲದ ಕುಟುಂಬಗಳು ಗಣನೀಯವಾಗಿರುವ, ಎಪ್ಪಿಂಗ್‌ನ ನಾರ್ದರ್ನ್ ಆಸ್ಪತ್ರೆಯ ಆಸರೆಯಲ್ಲಿರುವ ಕ್ರೇಗಿಬರ್ನ್‌ನಂಥ ಮೆಲ್ಬರ್ನ್ ಹೊರವಲಯದ ಬಡಾವಣೆಗಳಿಗೆ ಇದರ ಮಹತ್ವ ಹೆಚ್ಚು. ಹೃದಯದ ಕವಾಟದ ಅಥವಾ ಮೂಳೆಯ ಸೋಂಕಿಗೆ ವಾರಗಟ್ಟಲೆ ಆಂಟಿಬಯಾಟಿಕ್ ಬೇಕಾದವರಿಗೆ ತೋಳಿನ ಅಭಿಧಮನಿಯಿಂದ ತೂರಿಸುವ ಸೆಂಟ್ರಲ್ ಲೈನ್, ಅಂದರೆ ಪಿಕ್ ಲೈನ್ ಹಾಕಿ, ವಿದ್ಯುತ್ತಿಲ್ಲದೆ ತನ್ನ ಬಿಗಿತದಿಂದಲೇ ಔಷಧವನ್ನು 24 ಗಂಟೆ ದೂಡುವ ರಬ್ಬರ್ ಬಲೂನಿನ ಸಾಧನವನ್ನು ಸೊಂಟದ ಚೀಲದಲ್ಲಿ ಕೊಟ್ಟು ಕಳುಹಿಸುತ್ತಾರೆ. ಇಲ್ಲಿ ಹೊಸದಾಗಿ ಸೇರುವ ಅಂಶ ಉಷ್ಣತೆ: ಮೈಗೆ ಒತ್ತಿಕೊಂಡ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಬಿಸಿಲಿಗೆ ಸಿಕ್ಕುವ ಬಲೂನಿನಲ್ಲಿ ಪೆನಿಸಿಲಿನ್ ವರ್ಗದ ಔಷಧಗಳು ಬೇಗ ಕೆಡುತ್ತವೆ, ಬೆಂಜೈಲ್‌ಪೆನಿಸಿಲಿನ್‌ಗೆ ಸಿಟ್ರೇಟ್ ಬೆರೆಸಿ ಆಮ್ಲತೆಯನ್ನು ಸ್ಥಿರಗೊಳಿಸುವುದು ಇದಕ್ಕಾಗಿಯೇ. ಮನೆಗೆ ಹೋಗುವ ಪಿಕ್ ಲೈನ್‌ಗೆ ಸಾಮಾನ್ಯವಾಗಿ ಲ್ಯೂಮೆನ್ ಒಂದೇ. ಪೆನಿಸಿಲಿನ್ ತಾಗಿದರೆ ಸತ್ವ ಕಳೆದುಕೊಳ್ಳುವ ಜೆಂಟಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಕೂಡ ಬೇಕಾದಾಗ, ನರ್ಸ್ ಬಲೂನ್ ಬದಲಿಸಲು ಬಂದ ಹೊತ್ತಿನಲ್ಲಿ ಹಳೆಯದನ್ನು ಕಳಚಿ, ಸಲೈನಿನಿಂದ ಲೈನ್ ತೊಳೆದು, ಜೆಂಟಮೈಸಿನ್ ಕೊಟ್ಟು, ಮತ್ತೆ ತೊಳೆದ ಮೇಲೆಯೇ ಹೊಸ ಬಲೂನನ್ನು ಜೋಡಿಸಬೇಕಾಗುತ್ತದೆ.