ಮುಷ್ಟಿ ಬಿಗಿದರೆ ಕಾಲಿಗೆ ಬಲ

ಫುಟ್‌ಬಾಲ್ ಕಾಲಿನ ಆಟ. ಗೋಲ್‌ಕೀಪರ್ ಒಬ್ಬನನ್ನು ಬಿಟ್ಟರೆ ಉಳಿದ ಹತ್ತು ಮಂದಿ ಆಟದ ನಡುವೆ ಚೆಂಡಿಗೆ ಕೈ ತಾಗಿಸುವಂತಿಲ್ಲ. ಬಾಕ್ಸಿಂಗ್ ಇದಕ್ಕೆ ತದ್ವಿರುದ್ಧ. ಅಲ್ಲಿ ಕೈಯೇ ಆಯುಧ, ಕಾಲೆತ್ತಿದರೆ ಫೌಲ್. ಹೀಗಿರುವಾಗ ಫುಟ್‌ಬಾಲ್ ಆಟಗಾರನೊಬ್ಬ ಕೈಗೆ ಗ್ಲೌಸ್ ತೊಟ್ಟು, ತೂಗುಬಿಟ್ಟ ಚೀಲಕ್ಕೆ ಗುದ್ದುತ್ತ ಬೆವರು ಸುರಿಸುವುದೇಕೆ?

ಒಂದು ಕಾಲಕ್ಕೆ ಹಳ್ಳಿಗಳಾಗಿದ್ದು ಈಗ ಬೆಂಗಳೂರಿನೊಳಗೆ ಸೇರಿಹೋಗಿರುವ ಕೆಂಪಾಪುರ, ಹೆಬ್ಬಾಳಗಳಂಥ ಕಡೆ ಈ ಪ್ರಶ್ನೆಗೆ ಅರ್ಥವಿದೆ. ಬಾಕ್ಸಿಂಗ್ ಚೀಲ ತೂಗುಹಾಕಿದ ಜಿಮ್‌ಗಳೂ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಫುಟ್‌ಬಾಲ್ ಅಂಗಳಗಳೂ ಉತ್ತರ ಬೆಂಗಳೂರಿನಲ್ಲಿ ಇಂದು ಅಪರೂಪವಲ್ಲ. ಸಂಜೆ ಅಂಗಳಕ್ಕಿಳಿಯುವ ಯುವಕ ಬೆಳಿಗ್ಗೆ ಗ್ಲೌಸ್ ತೊಡುವುದೂ ಉಂಟು. ಇದೆಲ್ಲ ಪರದೇಶದಿಂದ ಮೊನ್ನೆ ಬಂದ ಷೋಕಿ ಎಂದು ಹಿರಿಯರು ಮೂಗು ಮುರಿಯಬಹುದು. ಇತಿಹಾಸ ಹೇಳುವುದು ಬೇರೆ. ಒಂದು ಆಟಕ್ಕೆ ಬೇಕಾದ ಕಸುವನ್ನು ಬೇರೊಂದು ವ್ಯಾಯಾಮದಿಂದ ಗಳಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಸುಮಾರು ಒಂಬತ್ತು ಶತಮಾನಗಳಷ್ಟು ಹಳೆಯದು. ಇನ್ನು ಬೆಂಗಳೂರಿನ ಫುಟ್‌ಬಾಲ್ ಮತ್ತು ಬಾಕ್ಸಿಂಗ್ ಎರಡೂ ಬೆಳೆದದ್ದು ಒಂದೇ ನೆಲದಲ್ಲಿ. ಅದು ದಂಡಿನ ನೆಲ.

ಸೋಮೇಶ್ವರನ ಮಲ್ಲರು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅಡುಗೆಯಿಂದ ಆನೆಯವರೆಗೆ ಅರಸನಿಗೆ ಬೇಕಾದ ಎಲ್ಲ ವಿಷಯಗಳೂ ಅದರಲ್ಲಿವೆ. ಮಲ್ಲರಿಗೂ ಅಲ್ಲಿ ಒಂದು ಅಧ್ಯಾಯ ಮೀಸಲು. ಮಲ್ಲರು ಏನು ತಿನ್ನಬೇಕು, ಹೇಗೆ ಪಳಗಬೇಕು ಎಂಬ ವಿವರ ಅದರಲ್ಲಿ ದೊರೆಯುತ್ತದೆ. ಸ್ವಾರಸ್ಯವೆಂದರೆ ಆ ಪಟ್ಟಿಯಲ್ಲಿರುವುದು ಬರೀ ಕುಸ್ತಿಯ ಪಟ್ಟುಗಳಲ್ಲ. ಮರಳು ತುಂಬಿದ ಚೀಲವನ್ನು ಎತ್ತುವುದು, ಬೆಳಗಿನ ನಡಿಗೆ, ನೀರಿನಲ್ಲಿ ಈಜು, ತೋಳಿನ ಕಸರತ್ತು, ಕಂಬದ ಮೇಲಿನ ಸಾಧನೆ ಇವೆಲ್ಲವೂ ಮಲ್ಲನ ದಿನಚರಿಯಲ್ಲಿ ಸೇರಿವೆ.

ಕುಸ್ತಿಯ ಕಣದಲ್ಲಿ ಯಾರೂ ಈಜುವುದಿಲ್ಲ. ಆದರೂ ಈಜಿದವನ ಉಸಿರು ಕಣದಲ್ಲಿ ಬೇಗ ಸೋಲುವುದಿಲ್ಲ ಎಂಬುದು ಅಂದಿನವರಿಗೆ ತಿಳಿದಿತ್ತು. ಇಂದಿನ ತರಬೇತುದಾರರು ‘ಕ್ರಾಸ್ ಟ್ರೈನಿಂಗ್’ ಎಂದು ಕರೆಯುವುದು ಇದನ್ನೇ.

ಮುಷ್ಟಿಯ ಕಾಳಗವೂ ಈ ನಾಡಿಗೆ ಅಪರಿಚಿತವಲ್ಲ. ಮೈಸೂರಿನ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ದಸರೆಯ ಪ್ರಸಿದ್ಧ ಸಂಪ್ರದಾಯ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಈ ಸೆಣಸಾಟ ಎದುರಾಳಿಯ ತಲೆಯಿಂದ ಮೊದಲ ರಕ್ತ ಚಿಮ್ಮುತ್ತಲೇ ಮುಗಿಯುತ್ತದೆ. ಕೆಲವೇ ಕ್ಷಣಗಳ ಕಾಳಗವಾದರೂ ಅದರ ಹಿಂದೆ ಗರಡಿಮನೆಯ ದೀರ್ಘ ಸಾಧನೆ ಇರುತ್ತದೆ.

ಗದೆಯ ಪಯಣ

ಗರಡಿಯಲ್ಲಿ ತಿರುಗಿಸುವ ಮರದ ಗದೆಗಳು ಬ್ರಿಟಿಷ್ ಸೈನಿಕರ ಕಣ್ಣಿಗೆ ಬಿದ್ದದ್ದು ಈ ಕಥೆಯ ಒಂದು ಮುಖ್ಯ ತಿರುವು. ಭುಜ, ಬೆನ್ನು, ಮಣಿಕಟ್ಟುಗಳನ್ನು ಏಕಕಾಲಕ್ಕೆ ಪಳಗಿಸುವ ಈ ಸಾಧನವನ್ನು ಅವರು ತಮ್ಮ ದೇಶಕ್ಕೆ ಕೊಂಡೊಯ್ದರು. ಅಲ್ಲಿ ಅದಕ್ಕೆ ‘ಇಂಡಿಯನ್ ಕ್ಲಬ್’ ಎಂಬ ಹೆಸರಾಯಿತು. 1834ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಡೊನಾಲ್ಡ್ ವಾಕರನ ವ್ಯಾಯಾಮ ಪುಸ್ತಕದಲ್ಲಿ ಇದರ ವಿವರಗಳಿವೆ. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಗದೆ ತಿರುಗಿಸುವುದು ಸ್ಪರ್ಧೆಯಾಗಿಯೂ ಸೇರಿತ್ತು.

ಫುಟ್‌ಬಾಲಿಗೂ ಬಾಕ್ಸಿಂಗಿಗೂ ಆಧುನಿಕ ರೂಪ ಬಂದದ್ದು ಲಂಡನ್ನಿನಲ್ಲೇ, ಅದೂ ನಾಲ್ಕು ವರ್ಷಗಳ ಅಂತರದಲ್ಲಿ. ಫುಟ್‌ಬಾಲಿನ ನಿಯಮಗಳು ರೂಪುಗೊಂಡದ್ದು 1863ರಲ್ಲಿ. ಗ್ಲೌಸ್ ಕಡ್ಡಾಯ ಮಾಡಿ, ಮೂರು ನಿಮಿಷದ ಸುತ್ತು ಮತ್ತು ಒಂದು ನಿಮಿಷದ ವಿರಾಮವನ್ನು ಗೊತ್ತುಪಡಿಸಿದ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾದದ್ದು 1867ರಲ್ಲಿ. 1885ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರು ಸಂಬಳ ಪಡೆದು ಆಡಲು ಅನುಮತಿ ದೊರೆಯಿತು. ಆ ಬಳಿಕ ಕ್ಲಬ್ಬುಗಳಿಗೆ ಆಟಗಾರರ ದೇಹವನ್ನು ಹದದಲ್ಲಿಡುವ ಚಿಂತೆ ಹತ್ತಿತು.

ಆಗ ಅವರಿಗೆ ದೊರೆತ ಸಿದ್ಧ ಮಾದರಿ ಮುಷ್ಟಿಮಲ್ಲರದ್ದು. ಉದ್ದನೆಯ ನಡಿಗೆ, ವೇಗದ ಓಟ, ಹಗ್ಗದ ಮೇಲಿನ ಜಿಗಿತ, ಪಂಚಿಂಗ್ ಬಾಲಿಗೆ ಗುದ್ದು, ಜೊತೆಗೆ ಇಂಡಿಯನ್ ಕ್ಲಬ್ ಮತ್ತು ಡಂಬೆಲ್ಸ್. 20ನೇ ಶತಮಾನದ ಆರಂಭದ ಇಂಗ್ಲಿಷ್ ಕ್ಲಬ್ಬುಗಳ ತಾಲೀಮು ಹೆಚ್ಚುಕಡಿಮೆ ಇಷ್ಟೇ. ವಾರವಿಡೀ ಚೆಂಡನ್ನು ದೂರವಿಟ್ಟರೆ ಶನಿವಾರದ ಪಂದ್ಯದಲ್ಲಿ ಆಟಗಾರ ಚೆಂಡಿಗಾಗಿ ಹಸಿದಿರುತ್ತಾನೆ ಎಂಬ ವಿಚಿತ್ರ ನಂಬಿಕೆಯೂ ಅಲ್ಲಿತ್ತು. ಹೀಗೆ ಗರಡಿಯ ಗದೆ ಮತ್ತು ಬಾಕ್ಸರನ ಪಂಚಿಂಗ್ ಬಾಲ್ ಫುಟ್‌ಬಾಲಿಗರ ತಾಲೀಮು ಕೋಣೆಯಲ್ಲಿ ಜೊತೆಗೂಡಿದವು.

ಪೇಟೆಯಲ್ಲಿ ಗರಡಿ, ದಂಡಿನಲ್ಲಿ ರಿಂಗ್

ಬೆಂಗಳೂರಿನ ದಂಡು ಪ್ರದೇಶ ಆರಂಭವಾದದ್ದು 1809ರಲ್ಲಿ. ಊರು ಎರಡು ಭಾಗವಾಯಿತು. ಪೇಟೆಯ ಹುಡುಗರು ಗರಡಿಯ ಕೆಮ್ಮಣ್ಣಿನಲ್ಲಿ ದಂಡ, ಬಸ್ಕಿ ಹೊಡೆಯುತ್ತಿದ್ದರೆ, ದಂಡಿನಲ್ಲಿ ಸೈನಿಕರ ಕವಾಯತು, ಫುಟ್‌ಬಾಲ್ ಮತ್ತು ಬಾಕ್ಸಿಂಗ್ ನಡೆದವು. 1860ರಲ್ಲಿ ಇಂಗ್ಲೆಂಡಿನ ಆಲ್ಡರ್‌ಶಾಟ್‌ನಲ್ಲಿ ಸೇನೆಯು ವ್ಯಾಯಾಮ ಶಿಕ್ಷಕರ ಪ್ರತ್ಯೇಕ ಪಡೆಯನ್ನೇ ಕಟ್ಟಿತು. ಮುಂದೆ ಸೈನಿಕನ ವ್ಯಾಯಾಮದಲ್ಲಿ ಬಾಕ್ಸಿಂಗ್ ಖಾಯಂ ಸ್ಥಾನ ಪಡೆಯಿತು. ಒಂದೇ ಪಲ್ಟನ್ನಿನ ಸಿಪಾಯಿ ಫುಟ್‌ಬಾಲೂ ಆಡಿ ರಿಂಗಿಗೂ ಇಳಿಯುವುದು ಸೇನೆಯಲ್ಲಿ ವಿಶೇಷವೆನಿಸಲಿಲ್ಲ. ಕೊಡಗಿನಿಂದ ಸೇನೆ ಸೇರಿ ಅರ್ಜುನ ಪ್ರಶಸ್ತಿಯವರೆಗೆ ಏರಿದ ಬಾಕ್ಸರ್ ಸಿ.ಸಿ. ಮಾಚಯ್ಯ ಈ ಸೇನಾ ಪರಂಪರೆಯ ಕೊಡುಗೆ.

ದಂಡಿನ ಸುತ್ತಲಿನ ಬಡಾವಣೆಗಳ ಹುಡುಗರು ಗೋರಾ ಸೈನಿಕರ ಆಟವನ್ನು ನೋಡಿ ಕಲಿತರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಬರಿಗಾಲಿನ ಆಟ ಆ ನೆಲದಲ್ಲೇ ಹುಟ್ಟಿದ್ದು. ಕಲಿತವರು ಕಲಿಸಿದವರನ್ನು ಮೀರಿಸುವ ಕಾಲವೂ ಬಂತು. ಬ್ರಿಟಿಷ್ ಪಲ್ಟನ್ನುಗಳು ದಶಕಗಳ ಕಾಲ ಬಿಟ್ಟುಕೊಡದಿದ್ದ ಮುಂಬಯಿಯ ರೋವರ್ಸ್ ಕಪ್ ಅನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದುಕೊಂಡಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡವದು. ಮರುವರ್ಷವೂ ಗೆಲುವು ಅದರದೇ. 1946-47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನೂ ಎತ್ತಿ ಹಿಡಿಯಿತು.

ಎಂಬತ್ತೊಂಬತ್ತನೇ ನಿಮಿಷ

ಈ ಹುಡುಗರ ಕಾಲಿನ ಚಳಕದ ಬಗ್ಗೆ ಎರಡು ಮಾತಿರಲಿಲ್ಲ. ಪ್ರಶ್ನೆ ಎದ್ದದ್ದು ಕಸುವಿನ ಬಗ್ಗೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಬೆಂಗಳೂರಿನ ಅಹಮದ್ ಖಾನ್, ಧನರಾಜ್, ಸಾರಂಗಪಾಣಿ ರಾಮನ್ ಆ ತಂಡದಲ್ಲಿದ್ದರು. ಫ್ರಾನ್ಸ್ 30ನೇ ನಿಮಿಷದಲ್ಲಿ ಮುನ್ನಡೆ ಪಡೆಯಿತು. 70ನೇ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳು ಭಾರತದ ಕೈತಪ್ಪಿದವು. ಕೊನೆಗೆ 89ನೇ ನಿಮಿಷದಲ್ಲಿ ಫ್ರಾನ್ಸ್ ಎರಡನೇ ಗೋಲು ಹೊಡೆಯಿತು. ಭಾರತ 1–2ರಿಂದ ಸೋತಿತು.

ಆ ಸೋಲಿಗೆ ದಣಿವೊಂದೇ ಕಾರಣವೆಂದರೆ ತಪ್ಪಾದೀತು. ಪೆನಾಲ್ಟಿಗಳು ಸಾರ್ಥಕವಾಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆದರೆ ಆಗ ನಮ್ಮ ದೇಶದ ಪಂದ್ಯಾವಳಿಗಳಲ್ಲಿ ಪಂದ್ಯದ ಅವಧಿ 90 ನಿಮಿಷಕ್ಕಿಂತ ಕಡಿಮೆಯಿತ್ತು ಎಂಬುದನ್ನು ಮರೆಯುವಂತಿಲ್ಲ. ಕಡಿಮೆ ಅವಧಿಗೆ ಒಗ್ಗಿದ ದೇಹಕ್ಕೆ ಕೊನೆಯ ಕಾಲು ಗಂಟೆ ಪರೀಕ್ಷೆಯ ಹೊತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು ಭಾರತ 1–10ರಿಂದ ಕುಸಿಯಿತು. ಭಾರತದ ಆ ಒಂದು ಗೋಲು ಅಹಮದ್ ಖಾನ್ ಅವರದು. ಆ ಪೆಟ್ಟಿನ ನಂತರ ಬೂಟು ತೊಟ್ಟು ಆಡುವುದು ನಿಯಮವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಏರಿದಾಗ ಬೆಂಗಳೂರಿನ ಕೆಂಪಯ್ಯ ತಂಡದಲ್ಲಿದ್ದರು. ಬೂಟನ್ನು ಒಂದು ಆದೇಶದಿಂದ ತೊಡಿಸಬಹುದು. ಕಸುವು ಆದೇಶದಿಂದ ಬರುವುದಿಲ್ಲ. ಅದಕ್ಕೆ ದಿನನಿತ್ಯದ ತಾಲೀಮೇ ಬೇಕು.

ಗುದ್ದು ಹುಟ್ಟುವುದು ಪಾದದಲ್ಲಿ

ಇಷ್ಟಕ್ಕೂ ಬಾಕ್ಸಿಂಗ್ ತಾಲೀಮಿನಿಂದ ಫುಟ್‌ಬಾಲಿಗನಿಗೆ ದೊರೆಯುವುದೇನು? ಮೊದಲನೆಯದು ಉಸಿರು. ವೃತ್ತಿಪರ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆ. ಅದು ಒಂದೇ ಲಯದ ಓಟವಲ್ಲ. ನಡಿಗೆ, ಕುಕ್ಕುಲೋಟ, ಇದ್ದಕ್ಕಿದ್ದಂತೆ ಬಾಣದ ವೇಗ, ಮತ್ತೆ ನಡಿಗೆ. ಬಾಕ್ಸರನ ಸುತ್ತೂ ಹೀಗೆಯೇ. ಮೂರು ನಿಮಿಷ ಕಾದಾಟ, ಒಂದು ನಿಮಿಷ ವಿರಾಮ, ಪುನಃ ಗಂಟೆ. ಆ ಒಂದು ನಿಮಿಷದಲ್ಲಿ ಎದೆಬಡಿತವನ್ನು ಇಳಿಸಿಕೊಳ್ಳಲು ಕಲಿತ ದೇಹ ಮೈದಾನದಲ್ಲೂ ಬೇಗ ಚೇತರಿಸಿಕೊಳ್ಳುತ್ತದೆ.

ಎರಡನೆಯದು ಪಾದದ ಚುರುಕು. ಹಗ್ಗದ ಮೇಲಿನ ಜಿಗಿತ ಮೀನಖಂಡ ಮತ್ತು ಹರಡನ್ನು ಗಟ್ಟಿಮಾಡುತ್ತದೆ. ಬಾಕ್ಸರ್ ಮುಂಗಾಲಿನ ಮೇಲೆ ನಿಂತು ಪುಟ್ಟ ಹೆಜ್ಜೆಗಳಲ್ಲಿ ಹಿಂದೆ ಮುಂದೆ ಸರಿಯುವ ರೀತಿಗೂ, ಎದುರಾಳಿ ಮುನ್ನುಗ್ಗಿ ಬರುವಾಗ ಡಿಫೆಂಡರ್ ಹೆಜ್ಜೆ ಹೊಂದಿಸುವ ರೀತಿಗೂ ಹೋಲಿಕೆ ಇದೆ.

ಮೂರನೆಯದು ನಡುವಿನ ಬಲ. ಗುದ್ದು ತೋಳಿನಲ್ಲಿ ಹುಟ್ಟುತ್ತದೆಂದು ತಿಳಿದವರೇ ಹೆಚ್ಚು. ನಿಜದಲ್ಲಿ ಅದು ಹುಟ್ಟುವುದು ಪಾದದಲ್ಲಿ. ನೆಲವನ್ನು ಒತ್ತಿದ ಬಲ ತೊಡೆ, ಸೊಂಟ, ಬೆನ್ನುಗಳನ್ನು ಹಾದು ಭುಜಕ್ಕೇರಿ ಮುಷ್ಟಿ ತಲುಪುತ್ತದೆ. ಚೆಂಡನ್ನು ಒದೆಯುವಾಗಲೂ ಸೊಂಟದ ತಿರುವೇ ಮುಖ್ಯ. ಭುಜಕ್ಕೆ ಭುಜ ಕೊಟ್ಟು ಚೆಂಡನ್ನು ಕಾಯುವಾಗಲೂ ನಡು ಗಟ್ಟಿಯಿದ್ದವನು ಜಗ್ಗುವುದಿಲ್ಲ. ಇಂಗ್ಲೆಂಡಿನ ವೇನ್ ರೂನಿ ಬಾಲ್ಯದಲ್ಲಿ ಲಿವರ್‌ಪೂಲಿನ ಬಾಕ್ಸಿಂಗ್ ಜಿಮ್‌ನಲ್ಲಿ ಪಳಗಿದವರು. ಅದೇ ದೇಶದ ಕರ್ಟಿಸ್ ವುಡ್‌ಹೌಸ್ ಫುಟ್‌ಬಾಲ್ ಬಿಟ್ಟು ರಿಂಗಿಗಿಳಿದು 2014ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಹಾಗೆಂದು ಇದು ಸರ್ವರೋಗ ನಿವಾರಕವಲ್ಲ. ಚೀಲಕ್ಕೆ ಗುದ್ದಿದರೆ ಪಾಸ್ ಕೊಡುವುದು ಬರುವುದಿಲ್ಲ. ಪಂದ್ಯದ ಹಿಂದಿನ ದಿನ ಅತಿಯಾಗಿ ದಣಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಮಣಿಕಟ್ಟಿಗೆ ಪಟ್ಟಿ ಸುತ್ತದೆ ಗುದ್ದಿದರೆ ಉಳುಕು ಖಚಿತ.

ತಲೆ ಕಾಯುವ ಮಾತು

ಇದಕ್ಕಿಂತ ದೊಡ್ಡ ಎಚ್ಚರಿಕೆ ತಲೆಯದು. ಪದೇ ಪದೇ ಪೆಟ್ಟು ತಿಂದ ಬಾಕ್ಸರುಗಳ ಮಿದುಳು ಹದಗೆಡುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ದಾಖಲಿಸಿದ್ದರು. ಇದು ಬಾಕ್ಸರರ ಕಾಯಿಲೆ ಎಂದು ಬಹುಕಾಲ ಫುಟ್‌ಬಾಲ್ ಲೋಕ ನಿಶ್ಚಿಂತವಾಗಿತ್ತು. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಹೆಸರಾಗಿದ್ದ ಇಂಗ್ಲೆಂಡಿನ ಜೆಫ್ ಆಸ್ಟಲ್ 2002ರಲ್ಲಿ ತೀರಿಕೊಂಡಾಗ ಆ ನಿಶ್ಚಿಂತೆ ಕದಡಿತು. 2014ರ ಮರುಪರೀಕ್ಷೆಯಲ್ಲಿ ಅವರ ಮಿದುಳಿನಲ್ಲಿ ಬಾಕ್ಸರುಗಳಲ್ಲಿ ಕಾಣುವ ಅದೇ ಕಾಯಿಲೆ ಪತ್ತೆಯಾಯಿತು. ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರು ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನ ತಿಳಿಸಿತು.

ಹೆಡರ್‌ಗಳ ಭಾರವನ್ನು ಈಗಾಗಲೇ ಹೊತ್ತಿರುವ ತಲೆಗೆ ರಿಂಗಿನ ಪೆಟ್ಟನ್ನೂ ಸೇರಿಸುವುದು ವಿವೇಕವಲ್ಲ. ಆದ್ದರಿಂದ ಫುಟ್‌ಬಾಲಿಗನಿಗೆ ಬೇಕಾದದ್ದು ಹಗ್ಗ, ಚೀಲ, ಕೋಚ್ ಹಿಡಿಯುವ ಪ್ಯಾಡ್ ಮತ್ತು ಗಾಳಿಯಲ್ಲಿ ಗುದ್ದುವ ಶ್ಯಾಡೋ ಬಾಕ್ಸಿಂಗ್ ಮಾತ್ರ. ಎದುರಾಳಿಯೊಂದಿಗೆ ನಿಜವಾದ ಗುದ್ದಾಟ ಬೇಡ.

ರಾಜ್ಯದ ಫುಟ್‌ಬಾಲ್ ಈ ನಡುವೆ ಬಹಳ ಬದಲಾಗಿದೆ. ಒಂದು ಕಾಲಕ್ಕೆ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳ ಉದ್ಯೋಗವೇ ಆಟಗಾರರಿಗೆ ಆಸರೆಯಾಗಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಸ್ಥಾಪನೆಯಾಗಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ದೈಹಿಕ ತರಬೇತಿಗೆಂದೇ ತಜ್ಞರನ್ನು ನೇಮಿಸುವ ಕಾಲ ಬಂತು. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೋಗಳಿಗೆ ತರಬೇತಿ ಉಂಟು. ಬೆಂಗಳೂರು ಎಫ್‌ಸಿ ತನ್ನ ಕಿರಿಯರ ಅಕಾಡೆಮಿಗೆ ಆಯ್ದುಕೊಂಡ ತಾಣವೂ ಅದೇ. ಹಿಂದೆ ದಂಡಿನಲ್ಲಿ ಕಂಡ ನೆರೆಹೊರೆ ಹೊಸ ರೂಪದಲ್ಲಿ ಮರಳಿದಂತಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಮಣಿಸಿ, 1968-69ರ ನಂತರ ಮೊದಲ ಬಾರಿಗೆ ಸಂತೋಷ್ ಟ್ರೋಫಿ ತಂದಿತು.

ದೊಡ್ಡ ಕ್ಲಬ್ಬಿನ ಸೌಲಭ್ಯ ಎಲ್ಲರಿಗೂ ದಕ್ಕುವಂಥದ್ದಲ್ಲ. ಗೌತಮಪುರದ ಹುಡುಗನಿಗಾಗಲಿ ಕೆಂಪಾಪುರದ ಹುಡುಗಿಗಾಗಲಿ ತಜ್ಞರ ತಂಡ ಬೆನ್ನಿಗಿರುವುದಿಲ್ಲ. ಆದರೆ ಬಾಕ್ಸರನ ತಾಲೀಮು ದುಬಾರಿಯಲ್ಲ. ಅದಕ್ಕೆ ಹುಲ್ಲಿನ ಅಂಗಳ ಬೇಡ, ಬಾಡಿಗೆಯೂ ಬೇಡ. ಒಂದು ಹಗ್ಗ, ಹಳೆ ಬಟ್ಟೆ ತುಂಬಿದ ಒಂದು ಚೀಲ, ನಿಮಿಷ ಎಣಿಸಲು ಒಂದು ಗಡಿಯಾರ, ಜೊತೆಗೆ ತಿಳಿದವರ ಮಾರ್ಗದರ್ಶನ ಇದ್ದರೆ ಮನೆಯ ತಾರಸಿಯೂ ಸಾಕು. ಕಾಲಿನ ಚಳಕ ಬೆಂಗಳೂರಿನ ಆಟಗಾರರಿಗೆ ಎಂದೂ ಕಡಿಮೆಯಾದದ್ದಿಲ್ಲ. ಆ ಚಳಕವನ್ನು ಎಂಬತ್ತೊಂಬತ್ತನೇ ನಿಮಿಷದವರೆಗೂ ಉಳಿಸಿಕೊಳ್ಳುವ ಕಸುವು ಹೀಗೂ ದೊರೆಯಬಹುದು.